ಅಜ್ಜಿ ಮನೆ ಡಾಟ್ ವ್ಯಾಡ್

ಮೊನ್ನೆ ಭಾನುವಾರ ಅಮ್ಮ ಕಾಫಿ ಲೋಟ ಹಿಡ್ಕೊಂಡು ಬಂದು ನನ್ನ ಹಿಂದೆ ನಿಂತ್ರು, ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ "ಲೋ, ಇದು ನಮ್ಮನೆ ತೊಟ್ಟಿ ಅಲ್ವೇನೋ" ಅಂದ್ರು, ನಾನು ಖುಷಿಯಾಗಿ ಹೂಂ ಅನ್ನೋಷ್ಟ್ರಲ್ಲಿ "ದೇವರ ಮನೇಲಿ ಅದೆಂಥದೋ ದೆವ್ವ ನಿಂತಿದೆ, ತೆಗಿಯೋ ಮೊದ್ಲು" ಅಂತ ಬೈಯೋಕೆ ಶುರು ಮಾಡಿದ್ರು. ಅದು ಇಂಪ್, ಡೂಮ್ ಅನ್ನೋ ಶೂಟಿಂಗ್ ಗೇಮಿನ ರಾಕ್ಷಸ, ಆ ಗೇಮಿಗೆ ನಾನು ಅಜ್ಜಿ ಮನೇನೇ ಒಂದು ಲೆವೆಲ್ ಆಗಿ ಕಟ್ತಿದ್ದೆ. ತೆಗ್ದೆ.

ಡೂಮ್ ಆಡಿದವ್ರಿಗೆ ಇದೆಲ್ಲಾ ಹೇಳೋದು ಬೇಡ, ಆದ್ರೂ ಹೇಳ್ತೀನಿ. 1993ರ ಡಿಸೆಂಬರ್‌ನಲ್ಲಿ ಬಂದ ಗೇಮು ಇವತ್ತಿಗೂ ಬದುಕಿರೋದು ವ್ಯಾಡ್ ಫೈಲ್‌ಗಳಿಂದ. ಲೆವೆಲ್ಲು, ಚಿತ್ರ, ಸದ್ದು ಎಲ್ಲಾ ಎಂಜಿನ್‌ನಿಂದ ಬೇರೆ ಮಾಡಿ ಒಂದು ಫೈಲಲ್ಲಿ ತುಂಬಿಟ್ಟಿದ್ರು ಇಡ್ ಸಾಫ್ಟ್‌ವೇರ್‌ನವ್ರು, ಮರುವರ್ಷನೇ ಅಭಿಮಾನಿಗಳು ಲೆವೆಲ್ ಕಟ್ಟೋಕೆ ಸ್ವಂತ ಎಡಿಟರ್ ಬರ್ಕೊಂಡ್ರು, 1997ರಲ್ಲಿ ಸೋರ್ಸ್ ಕೋಡೂ ಸಿಕ್ತು, ಆಮೇಲೆ ಯಾರೂ ನಿಲ್ಲಿಸೇ ಇಲ್ಲ. 1996ರ ಫೈನಲ್ ಡೂಮ್‌ನ ಒಂದು ಭಾಗ ಇದ್ಯಲ್ಲ, ಟಿಎನ್‌ಟಿ ಎವಿಲ್ಯೂಷನ್, ಅದು ಅಭಿಮಾನಿಗಳು ಪುಕ್ಕಟೆ ಹಂಚೋಕೆ ಅಂತ ಮಾಡಿದ್ದು, ಕಂಪನಿನೇ ಕೊಂಡ್ಕೊಂಡು ಅಂಗಡಿಗೆ ಬಿಡ್ತು.

ಹೊಸದಾಗಿ ಎಡಿಟರ್ ಕಲ್ತವ್ರೆಲ್ಲಾ ಮೊದ್ಲು ತಮ್ಮ ಮನೇನೇ ಮಾಡೋದು ಅಂತ ಡೂಮ್ ಮಂದಿಯಲ್ಲಿ ಹಳೇ ತಮಾಷೆ ಇದೆ. 2023ರಲ್ಲಿ ಬಂದ ಮೈಹೌಸ್ ಡಾಟ್ ವ್ಯಾಡ್ ಆ ತಮಾಷೇನೇ ಹಿಡ್ಕೊಂಡು ಆಡೋರ ತಲೆ ಕೆಡಿಸ್ತು, ನೋಡೋಕೆ ಸಾಧಾರಣ ಮನೆ, ಒಳಗೆ ಹೋದ್ಮೇಲೆ ಬೇರೇನೇ. ಅದನ್ನ ಆಡಿ ಮುಗಿಸಿದ ದಿನಾನೇ ನಂಗೆ ಅನ್ನಿಸಿದ್ದು ಅಜ್ಜಿ ಮನೆ ಮಾಡ್ಬೇಕು ಅಂತ. ತೀರ್ಥಹಳ್ಳಿ ಹತ್ರ, ಹಂಚಿನ ತೊಟ್ಟಿ ಮನೆ, ಈಗ ಅಲ್ಲಿ ಮಾವನ ಆರ್‌ಸಿಸಿ ಮನೆ ಇದೆ. ಶುರು ಮಾಡಿದ್ದು ಮಾತ್ರ ಈ ವರ್ಷ.

ನಾನು ಬೇಕಂತಾನೇ ಹಳೇ ಎಂಜಿನ್ ಲೆಕ್ಕಕ್ಕೇ ಮಾಡಿದ್ದು, ಟೆಸ್ಟ್ ಮಾಡೋದೂ ಹಳೇ ಡೂಮನ್ನ ಇದ್ದಂಗೇ ಓಡಿಸೋ ಚಾಕೊಲೇಟ್ ಡೂಮ್‌ನಲ್ಲಿ. ಅಲ್ಲೇ ಸಿಕ್ಕಾಕ್ಕೊಂಡಿದ್ದು. ಡೂಮ್‌ನಲ್ಲಿ ಆಡೋನ ಎತ್ತರ 56 ಯುನಿಟ್, ಅಡಿಗೆ ಹತ್ತು ಅಂತ ಇಟ್ಕೊಂಡೆ. ಅಜ್ಜಿ ಮನೆ ಬಾಗಿಲು ನಾಲ್ಕೂವರೆ ಅಡಿ, ಅಂದ್ರೆ 45. ಈ ಗೇಮಲ್ಲಿ ಬಗ್ಗೋದೇ ಇಲ್ಲ ಮಾರಾಯ್ರೆ! ಜಗಲಿ ಎರಡೂವರೆ ಅಡಿ ಎತ್ತರ, 25 ಯುನಿಟ್, ಇಲ್ಲಿ ಒಂದೇ ಹೆಜ್ಜೆಗೆ 24ಕ್ಕಿಂತ ಜಾಸ್ತಿ ಹತ್ತೋಕಾಗಲ್ಲ, ಹಾರೋಕಂತೂ ಇಲ್ವೇ ಇಲ್ಲ, ಒಂದೇ ಒಂದು ಯುನಿಟ್‌ಗೋಸ್ಕರ ನಾನು ಅಂಗಳದಲ್ಲೇ ನಿಂತು ಗೋಡೆಗೆ ಗುದ್ಕೊಂಡಿದ್ದು ಅರ್ಧ ಗಂಟೆ. ಜಗಲಿ ಒಂದು ಯುನಿಟ್ ತಗ್ಗಿಸ್ದೆ, ಬಾಗಿಲು 64 ಮಾಡ್ದೆ. ಅದಕ್ಕೂ ಅಮ್ಮಂದು ತಕರಾರು, "ಬಾಗ್ಲು ಇಷ್ಟೆತ್ತರ ಇರ್ಲಿಲ್ಲ, ಮದ್ವೆ ದಿನ ನಿಮ್ಮಪ್ಪ ತಲೆ ಹೊಡ್ಕೊಂಡಿದ್ರಲ್ಲ".

ತೊಟ್ಟಿ ಮಾತ್ರ ಈ ಎಂಜಿನ್‌ಗೆ ಹೇಳಿ ಮಾಡಿಸಿದ್ದು. ಮ್ಯಾಪಲ್ಲಿ ಗೆರೆ ಎಳೆದು ಸುತ್ತುವರಿದ ಒಂದೊಂದು ಜಾಗಕ್ಕೆ ಸೆಕ್ಟರ್ ಅಂತಾರೆ, ನಡುವಿನ ಸೆಕ್ಟರ್‌ನ ಸೀಲಿಂಗ್‌ಗೆ ಆಕಾಶ ಅಂತ ಕೊಟ್ಬಿಟ್ರೆ ಆಯ್ತು. ಆದ್ರೆ ಬೆಳಕು? ಹಳೇ ಡೂಮ್‌ನಲ್ಲಿ ಒಂದು ಸೆಕ್ಟರ್‌ಗೆ ಒಂದೇ ಬೆಳಕು, 0ಯಿಂದ 255ರ ತನಕ ಒಂದು ನಂಬರ್ ಅಷ್ಟೇ, ಬಿಸಿಲು ಓರೆಯಾಗಿ ಬೀಳೋದು, ನೆರಳು, ಅವೆಲ್ಲಾ ಅದಕ್ಕೆ ಗೊತ್ತಿಲ್ಲ. ನಂಗೆ ಬೇಕಿದ್ದಿದ್ದು ಮಧ್ಯಾಹ್ನ ಮೂರು ಗಂಟೆ ಬಿಸಿಲು, ಊಟ ಆಗಿ ಎಲ್ಲರೂ ಮಲ್ಗಿದಾಗ ಪಡಸಾಲೆ ನೆಲದ ಮೇಲೆ ಕಂಬಗಳ ನೆರಳು ಬಿಟ್ಟು ಬಿಟ್ಟು ಬೀಳ್ತಿತ್ತಲ್ಲ ಅದು. ಹಂಗಾಗಿ ನೆಲದ ಮೇಲೇನೇ ಓರೆ ಓರೆ ಗೆರೆ ಎಳೆದು ಪಟ್ಟಿ ಪಟ್ಟಿ ಸೆಕ್ಟರ್ ಮಾಡಿ ಒಂದಕ್ಕೆ 208, ಪಕ್ಕದ್ದಕ್ಕೆ 128, ಆಮೇಲೆ ನಡುಮನೆ ಕಡೆ ಹೋಗ್ತಾ ಹೋಗ್ತಾ 96 ಕೊಟ್ಟೆ. ಎರಡು ಶನಿವಾರ ಹೋಯ್ತು. ಅದ್ರಲ್ಲಿ ಒಂದು ಗೋಡೆಗೆ ಟೆಕ್ಸ್‌ಚರ್ ಹಾಕೋದೇ ಮರ್ತಿದ್ದೆ, ಆ ಕಡೆ ತಿರುಗಿದ್ರೆ ಹಳೇ ಚಿತ್ರಗಳೇ ಒಂದರ ಮೇಲೊಂದು ಬಳಿದಂಗೆ ಕಲಸು ಮೇಲೋಗರ.

ಕೊಟ್ಟಿಗೆಯಲ್ಲಿ ಮ್ಯಾಂಕ್ಯುಬಸ್ ಅನ್ನೋ ದಢೂತಿ ರಾಕ್ಷಸನ್ನ ಇಟ್ಟಿದ್ದೆ. ಅದರ ಅಗಲ 96, ಕೊಟ್ಟಿಗೆ ಬಾಗಿಲು 64. ಹೊರಗೆ ಬರೋಕಾಗ್ದೆ ಎಮ್ಮೆ ಥರ ಅಲ್ಲೇ ನಿಂತು ಬೆಂಕಿ ಉಗುಳ್ತಿತ್ತು. ಸರಿ ಮಾಡೋಣ ಅಂದ್ಕೊಂಡು ಆಮೇಲೆ ಹಂಗೇ ಬಿಟ್ಟೆ, ಕೊಟ್ಟಿಗೆಗೆ ಚೆನ್ನಾಗಿ ಒಪ್ಪುತ್ತೆ. ಉಗ್ರಾಣದಲ್ಲಿ ಅಜ್ಜಿ ಬೆಲ್ಲದ ಡಬ್ಬ ಬಚ್ಚಿಡ್ತಿದ್ದ ಜಾಗ ಈಗ ಸೀಕ್ರೆಟ್, ಮಾವನ ಮಗಂಗೆ ಫೈಲ್ ಕಳಿಸಿದ್ರೆ ಅವ್ನು ಒಂದು ಗುಂಡೂ ಹಾರಿಸ್ದೆ ಸೀದಾ ಅಲ್ಲಿಗೇ ಹೋಗಿದಾನೆ ಕಳ್ಳ.

ಒದ್ದಾಡಿದ್ದು ಅಟ್ಟಕ್ಕೆ. ಹಳೇ ಡೂಮ್ ಮ್ಯಾಪ್ ಅಂದ್ರೆ ಕಾಗದದ ಮೇಲೆ ಬರೆದ ನಕ್ಷೆ ಇದ್ದಂಗೆ, ಒಂದು ಕೋಣೆ ಮೇಲೆ ಇನ್ನೊಂದು ಕೋಣೆ ಕಟ್ಟೋಕಾಗಲ್ಲ. ಹೊಸ ಕಾಲದ ಎಂಜಿನ್ ಜಿಝಡ್‌ಡೂಮ್‌ಗೆ ಹೋಗಿದ್ರೆ ಆಗ್ತಿತ್ತು, ಹಠ ನಂದು. ಕೊನೆಗೆ ಅಟ್ಟನ ಮನೆಯಿಂದ ದೂರ ಖಾಲಿ ಜಾಗದಲ್ಲಿ ಬೇರೇನೇ ಕಟ್ಟಿ, ಏಣಿ ಹತ್ರ ದಾಟಿದ್ರೆ ಬೇರೆ ಜಾಗಕ್ಕೆ ಒಯ್ಯೋ ಟೆಲಿಪೋರ್ಟ್ ಗೆರೆ ಹಾಕ್ದೆ. ಕೆಲಸ ಮಾಡ್ಲಿಲ್ಲ. ಎಷ್ಟು ಸಲ ಏಣಿಗೆ ನುಗ್ಗಿದ್ರೂ ಏನೂ ಇಲ್ಲ, ಗೆರೆಗೂ ಸೆಕ್ಟರ್‌ಗೂ ಗಂಟು ಹಾಕೋ ಟ್ಯಾಗ್ ನಂಬರ್ ನೋಡ್ದೆ, ಸೆಕ್ಟರ್ ನೋಡ್ದೆ, ರಾತ್ರಿ ಒಂದು ಗಂಟೆಗೆ ಹೊಳೀತು, ಗೆರೆಯ ಮುಂಭಾಗ ಆ ಕಡೆ ತಿರುಗಿದೆ, ಹಿಂದಿನಿಂದ ದಾಟಿದ್ರೆ ಅದು ಒಯ್ಯಲ್ಲ. ಎಡಿಟರಲ್ಲಿ ಗೆರೆ ಆಯ್ಕೆ ಮಾಡಿ ತಿರುಗಿಸಿದ್ದು, ಒಂದೇ ಕ್ಲಿಕ್ಕು.

ಭಾನುವಾರ ಅಮ್ಮಂಗೆ ಅದನ್ನೇ ತೋರಿಸ್ದೆ. ಏಣಿಗೆ ಹೋದೆ, ಹಸಿರು ಮಿಂಚು, ಅಟ್ಟದಲ್ಲಿದ್ದೆ. ಅಮ್ಮ ಏನೂ ಮಾತಾಡ್ಲಿಲ್ಲ, ಲೋಟ ಕೆಳಗಿಟ್ರು. ಆಮೇಲೆ ನಾನು ಟ್ಯಾಬ್ ಒತ್ತಿ ನಕ್ಷೆ ತೆಗೆದೆ, ಕನ್ನಡಕ ಸರಿ ಮಾಡ್ಕೊಂಡು ಬೆರಳಿಟ್ಟು ಜಗಲಿ, ತೊಟ್ಟಿ, ಬಚ್ಚಲು ಅಂತ ಒಂದೊಂದೇ ಹೇಳ್ತಾ ಹೋದ್ರು, ಮನೆ ಮುಗಿದ್ಮೇಲೆ ದೂರದಲ್ಲಿ ಒಂಟಿ ಚೌಕ.

"ಇದೇನೋ ಇದು?"

"ಅಟ್ಟ ಅಮ್ಮ."

"ಇಲ್ಯಾಕಿದೆ? ಇದು ಪಕ್ಕದ ಮನೆಯವ್ರ ಗದ್ದೆ ಕಣೋ. ನಿಮ್ಮಾವ ನೋಡಿದ್ರೆ ಸರ್ವೆಯವ್ರನ್ನ ಕರೆಸ್ತಾನೆ, ಈ ಕಡೆ ತಂದಿಡು."

512 ಯುನಿಟ್ ಈ ಕಡೆ ಸರಿಸ್ದೆ, ಈಗ ಅಡಿಕೆ ತೋಟದಲ್ಲಿದೆ.