ಅತಿಥಿಯಾಗಿ ಬರುವ ಡೀಸೆಲ್ ಎಂಜಿನ್‌ಗಳು

ಯಕ್ಷಗಾನದ ಆಟಕ್ಕೆ ಬೇರೆ ಮೇಳದ ಹೆಸರಾಂತ ವೇಷಧಾರಿಯೊಬ್ಬರು ಅತಿಥಿಯಾಗಿ ಬರುತ್ತಾರೆಂದು ಗೊತ್ತಾದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಆ ರಾತ್ರಿಯ ಜನಸಂದಣಿಯೇ ಬೇರೆ. ಪ್ರಸಂಗವನ್ನು ಹತ್ತಾರು ಬಾರಿ ನೋಡಿಯಾಗಿರುತ್ತದೆ, ಮೇಳವೂ ಪರಿಚಿತವೇ. ಆದರೆ ಆ ಒಬ್ಬರು ಈ ರಂಗಸ್ಥಳದಲ್ಲಿ, ಈ ಭಾಗವತರ ಪದ್ಯಕ್ಕೆ ಹೇಗೆ ಹೆಜ್ಜೆ ಹಾಕುತ್ತಾರೆಂದು ನೋಡುವುದಕ್ಕಾಗಿಯೇ ಜನ ನಿದ್ದೆಗೆಟ್ಟು ಕೂರುತ್ತಾರೆ. ಇಂಗ್ಲೆಂಡಿನ ಪಾರಂಪರಿಕ ರೈಲುಮಾರ್ಗಗಳಲ್ಲಿ ನಡೆಯುವ ಡೀಸೆಲ್ ಎಂಜಿನ್‌ಗಳ ಉತ್ಸವದ ಹಿಂದಿರುವ ಲೆಕ್ಕಾಚಾರವೂ ಇದೇ ಆಗಿದೆ. ಹಳಿ ಅದೇ, ಬೋಗಿಗಳೂ ಅವೇ; ಎಂಜಿನ್ ಮಾತ್ರ ಬೇರೆ ಊರಿನಿಂದ ಬಂದದ್ದು.

ನಾನು ನೋಡಿದ್ದು ಸೆವರ್ನ್ ವ್ಯಾಲಿ ರೈಲ್ವೆಯ ಉತ್ಸವವನ್ನು. ಶಿವಮೊಗ್ಗದ ಯಾವ ಬಡಾವಣೆಗೆ ಹೋದರೂ ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಬೇಸಿಗೆಯಲ್ಲಿ ವಿದೇಶಕ್ಕೆ ಹೊರಟ ದಂಪತಿಗಳು ಸಿಗುವ ಈ ಕಾಲದಲ್ಲಿ, ಬರ್ಮಿಂಗ್‌ಹ್ಯಾಮ್ ಹತ್ತಿರ ಕೆಲಸದಲ್ಲಿರುವ ಅಣ್ಣನ ಮಗನ ಮನೆಗೆ ನಾವೂ ಕೆಲವು ವರ್ಷಗಳ ಹಿಂದೆ ಹೋಗಿದ್ದೆವು. ಅವನು ಚಿಕ್ಕಂದಿನಿಂದ ರೈಲಿನ ಹುಚ್ಚಿನವನು. "ಚಿಕ್ಕಪ್ಪ, ಕೋಟೆ, ಅರಮನೆ ಎಲ್ಲ ಆಮೇಲೆ ನೋಡಿದರಾಯಿತು, ಇದು ವರ್ಷಕ್ಕೊಮ್ಮೆ ಮಾತ್ರ" ಎಂದು ಹೇಳಿ, ಮೇ ತಿಂಗಳ ಒಂದು ವಾರಾಂತ್ಯದಲ್ಲಿ ಕಿಡರ್‌ಮಿನ್‌ಸ್ಟರ್ ಎಂಬ ಊರಿಗೆ ಕರೆದೊಯ್ದನು. ಅಲ್ಲಿಂದ ಬ್ರಿಜ್‌ನಾರ್ತ್‌ವರೆಗೆ ಸೆವರ್ನ್ ನದಿಯ ಪಕ್ಕದಲ್ಲಿ ಸಾಗುವ ಈ ಮಾರ್ಗದ ಉದ್ದ 16 ಮೈಲಿ, ಅಂದರೆ ಸುಮಾರು 26 ಕಿಲೋಮೀಟರ್. ಸರ್ಕಾರಿ ರೈಲ್ವೆ 1963ರಲ್ಲಿ ಪ್ರಯಾಣಿಕರ ಸಂಚಾರವನ್ನು ನಿಲ್ಲಿಸಿದ ಈ ಹಳಿಯನ್ನು ಉತ್ಸಾಹಿಗಳು ಸಂಘ ಕಟ್ಟಿಕೊಂಡು 1970ರಿಂದ ಹಂತಹಂತವಾಗಿ ಮತ್ತೆ ತೆರೆದರು. ಟಿಕೆಟ್ ನೋಡುವವರು, ಕೈಕಂಬ ಸಿಗ್ನಲ್ಲಿನ ಸನ್ನೆಕೋಲು ಎಳೆಯುವವರು, ಎಂಜಿನ್ ಓಡಿಸುವವರು ಹೀಗೆ ಕಂಡವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರೇ. ಒಂಟಿ ಹಳಿಯಾದ್ದರಿಂದ, ಮುಂದಿನ ಹಳಿ ಆ ಗಾಡಿಗಷ್ಟೇ ಎಂಬುದಕ್ಕೆ ಗುರುತಾದ ಟೋಕನ್ ಅನ್ನು ಡ್ರೈವರ್ ಕೈಗೆ ಕೊಟ್ಟೇ ಗಾಡಿ ಬಿಡುತ್ತಾರೆ. ನಮ್ಮ ಕಡೆಯ ಸ್ಟೇಷನ್‌ಗಳಲ್ಲಿ ಬೆತ್ತದ ಬಳೆಯೊಳಗೆ ಟೋಕನ್ ಇಟ್ಟು, ಓಡುವ ಎಂಜಿನ್ನಿಗೆ ಎತ್ತಿಹಿಡಿಯುತ್ತಿದ್ದುದನ್ನು ಬಲ್ಲ ವಯಸ್ಸಿನವರಿಗೆ ಇದೆಲ್ಲ ಹೊಸದೇನಲ್ಲ.

ಈ ರೈಲ್ವೆಗೆ ಸ್ವಂತ ಡೀಸೆಲ್ ಎಂಜಿನ್‌ಗಳೇ ಬೇಕಾದಷ್ಟಿವೆ. ಅವುಗಳ ದುರಸ್ತಿಗೆಂದೇ ಕಿಡರ್‌ಮಿನ್‌ಸ್ಟರ್‌ನಲ್ಲಿ 2016ರಲ್ಲಿ ಪ್ರತ್ಯೇಕ ಶೆಡ್ ತೆರೆದಿದ್ದಾರೆ. ಹಾಗಿದ್ದೂ ಉತ್ಸವಕ್ಕೆ ಜನ ಸೇರುವುದು ಹೊರಗಿನಿಂದ ಬರುವ ಅತಿಥಿಗಳಿಗಾಗಿ. ಮುಖ್ಯ ಮಾರ್ಗದಲ್ಲಿ ಓಡಲು ಪರವಾನಗಿ ಇರುವ ಎಂಜಿನ್ ತನ್ನ ಚಕ್ರದ ಮೇಲೆಯೇ ಬರುತ್ತದೆ, ಏಕೆಂದರೆ ಕಿಡರ್‌ಮಿನ್‌ಸ್ಟರ್‌ನಲ್ಲಿ ರಾಷ್ಟ್ರೀಯ ಜಾಲದೊಂದಿಗೆ ಹಳಿಯ ಸಂಪರ್ಕವಿದೆ. ಇಂದಿನ ಸುರಕ್ಷತಾ ಉಪಕರಣಗಳನ್ನು ಅಳವಡಿಸದ ಹಳೆಯ ಎಂಜಿನ್ನುಗಳು, ನೂರು ಟನ್ನಿನ ಆಸುಪಾಸಿನ ತೂಕವಿದ್ದರೂ, ಹತ್ತಾರು ಚಕ್ರಗಳ ತಗ್ಗು ಟ್ರೈಲರ್ ಮೇಲೆ ರಸ್ತೆಯಲ್ಲೇ ಬರಬೇಕು. ಬಂದ ಮೇಲೂ ಸಲೀಸಲ್ಲ. ಪಾರಂಪರಿಕ ಮಾರ್ಗಗಳ ಹಳೆಯ ಬೋಗಿಗಳಲ್ಲಿ ಹೆಚ್ಚಿನವಕ್ಕೆ ನಿರ್ವಾತ ಬ್ರೇಕ್ ಇರುತ್ತದೆ, ಅಂದರೆ ನಮ್ಮ ಮೀಟರ್ ಗೇಜ್ ಕಾಲದ ವ್ಯಾಕ್ಯೂಮ್ ಬ್ರೇಕ್. ಬರುವ ಎಂಜಿನ್ನಿನಲ್ಲಿ ಏರ್ ಬ್ರೇಕ್ ಮಾತ್ರ ಇದ್ದರೆ ಆ ಬೋಗಿಗಳಿಗೂ ಅದಕ್ಕೂ ಹೊಂದಿಕೆಯಾಗದು. ಇಲ್ಲಿಯ ಡ್ರೈವರ್‌ಗೆ ಆ ಎಂಜಿನ್ನಿನ ಅಭ್ಯಾಸವಿರುವುದಿಲ್ಲ, ಎಂಜಿನ್ ಜೊತೆ ಬಂದವರಿಗೆ ಇಲ್ಲಿಯ ಏರು ಇಳಿವು, ಸಿಗ್ನಲ್ಲುಗಳ ಪರಿಚಯವಿರುವುದಿಲ್ಲ. ಆದ್ದರಿಂದ ಎರಡೂ ಕಡೆಯವರು ಒಂದೇ ಕ್ಯಾಬಿನಲ್ಲಿ ನಿಂತು ಗಾಡಿ ಓಡಿಸುವುದನ್ನು ಕಾಣಬಹುದು.

ನಾವು ಹೋದ ದಿನ ಡೆಲ್ಟಿಕ್ ಜಾತಿಯ ಎಂಜಿನ್ ಒಂದು ಅತಿಥಿಯಾಗಿ ಬಂದಿತ್ತು. ಬ್ರಿಟಿಷ್ ರೈಲ್ವೆಗಾಗಿ 1961–62ರಲ್ಲಿ ಇಂಥವು 22 ತಯಾರಾದವು. ಲಂಡನ್ ಎಡಿನ್‌ಬರೋ ನಡುವಿನ ವೇಗದ ಗಾಡಿಗಳನ್ನು ಗಂಟೆಗೆ 100 ಮೈಲಿ ವೇಗದಲ್ಲಿ ಎಳೆಯುವುದು ಅವುಗಳ ಕೆಲಸವಾಗಿತ್ತು. ಒಂದೊಂದರಲ್ಲೂ ಎರಡೆರಡು ಯಂತ್ರಗಳು, ಒಟ್ಟು ಶಕ್ತಿ 3300 ಅಶ್ವಶಕ್ತಿ. ನೌಕಾಪಡೆಯ ವೇಗದ ದೋಣಿಗಳಿಗೆಂದು ನೇಪಿಯರ್ ಕಂಪನಿ ರೂಪಿಸಿದ ಆ ಯಂತ್ರದ ರಚನೆ ವಿಚಿತ್ರವಾದದ್ದು: 18 ಸಿಲಿಂಡರ್‌ಗಳನ್ನು ತ್ರಿಕೋನಾಕಾರದಲ್ಲಿ ಜೋಡಿಸಿ, ಪ್ರತಿ ಸಿಲಿಂಡರ್‌ನಲ್ಲಿ ಎದುರುಬದುರಾಗಿ ಎರಡು ಪಿಸ್ಟನ್‌ಗಳನ್ನಿಟ್ಟು, ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ಕ್ರ್ಯಾಂಕ್ ಶಾಫ್ಟ್‌ಗಳನ್ನು ಕೂರಿಸಿದ್ದಾರೆ. ಸುಮ್ಮನೆ ನಿಂತು ಗುರುಗುಟ್ಟುವಾಗ ನಿಷ್ಕಾಸ ಕೊಳವೆಯ ಪೆಟ್ಟಿಗೆಯೊಳಗೆ ಉರಿಯದ ಎಣ್ಣೆ ಸೇರಿಕೊಳ್ಳುತ್ತದೆ. ಗಾರ್ಡ್ ಹಸಿರು ಬಾವುಟ ತೋರಿಸಿದೊಡನೆ ಡ್ರೈವರ್ ಹಿಡಿಯನ್ನು ಮುಂದಕ್ಕೆ ತಳ್ಳಿದಾಗ ಆ ಎಣ್ಣೆಯೆಲ್ಲ ನೀಲಿ ಬೂದು ಹೊಗೆಯಾಗಿ ಮೇಲೆ ನುಗ್ಗಿತು, ಅದರ ಹಿಂದೆಯೇ ಸಣ್ಣ ಹನಿಗಳಾಗಿ ಪ್ಲಾಟ್‌ಫಾರಂ ಮೇಲೆ ಉದುರಿತು. ನನ್ನ ಬಿಳಿ ಅಂಗಿಯ ಹೆಗಲ ಮೇಲೆ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಮೂಡಿದವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಜಾಕೆಟ್ಟಿನ ಮೇಲಿನ ಅಂಥವೇ ಚುಕ್ಕೆಗಳನ್ನು ತೋರಿಸಿ ಹೆಮ್ಮೆಯಿಂದ ನಕ್ಕರು. ಗಾಡಿ ಹೊರಟ ಮೇಲೆ ಕೇಳುವುದು ಗಡಗಡ ಸದ್ದಲ್ಲ, ತಡೆಯಿಲ್ಲದೆ ಏರುತ್ತಾ ಹೋಗುವ ಒಂದೇ ಸಮನೆಯ ಮೊರೆತ. ಎಂಜಿನ್ನಿಗೆ ತಾಗಿದ ಮೊದಲ ಬೋಗಿಯ ಕಿಟಕಿಗಳೆಲ್ಲ ಆ ಸದ್ದು ಕೇಳುವವರಿಂದಲೇ ತುಂಬಿಹೋಗಿದ್ದವು. ನದಿ, ಕಾಡು, ಹುಲ್ಲುಗಾವಲು ಯಾವುದನ್ನೂ ಅವರಲ್ಲಿ ಒಬ್ಬರೂ ನೋಡುತ್ತಿರಲಿಲ್ಲ. ಡೆಲ್ಟಿಕ್‌ಗಳ ಸರ್ಕಾರಿ ಸೇವೆ 1982ರ ಜನವರಿ 2ರಂದು ಮುಗಿಯಿತು. ಗುಜರಿಗೆ ಹೋಗದೆ ಉಳಿದವು 6. ಒಂದು ರಾಷ್ಟ್ರೀಯ ಸಂಗ್ರಹದಲ್ಲಿದೆ, ಮಿಕ್ಕವನ್ನು ಅಭಿಮಾನಿಗಳ ಕಾಳಜಿಯೇ ಉಳಿಸಿದೆ.

ಉಗಿ ಎಂಜಿನ್ನಿಗೆ ಜನ ಮರುಳಾಗುವುದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಡಬ್ಬಿಯಾಕಾರದ, ಹೊರಗೆ ಯಾವ ಚಲನೆಯೂ ಕಾಣದ ಡೀಸೆಲ್ ಎಂಜಿನ್ನಿನಲ್ಲಿ ಏನಿದೆ ಎಂಬ ನನ್ನ ಪ್ರಶ್ನೆಗೆ ಅಣ್ಣನ ಮಗ ಕೊಟ್ಟ ಉತ್ತರ ನೇರವಾಗಿತ್ತು: "ನೀವು ನೋಡಿದ್ದು ಉಗಿ ಎಂಜಿನ್, ನಾನು ನೋಡಿದ್ದು ಆಲ್ಕೋ." ಅವನ ಮಾತು ಸರಿಯೇ. ಬ್ರಾಡ್ ಗೇಜ್‌ನಲ್ಲಿ ಉಗಿಯ ನಿತ್ಯದ ಗಾಡಿಗಳು 1995ರಲ್ಲಿ ನಿಂತವು. ಬೀರೂರಿನಿಂದ ಶಿವಮೊಗ್ಗಕ್ಕೆ ಬ್ರಾಡ್ ಗೇಜ್ ಹಳಿ ಬಂದದ್ದೂ ಆ ದಶಕದಲ್ಲಿಯೇ. ತುಂಗಾ ಸೇತುವೆಯ ಮೇಲೆ ದೊಡ್ಡ ಗಾಡಿ ಬರುವುದನ್ನು ವಿದ್ಯಾನಗರದ ಕಡೆಯಿಂದ ಕಣ್ಣರಳಿಸಿ ನೋಡಿದ ಮಕ್ಕಳ ನೆನಪಿನಲ್ಲಿರುವುದು ಡೀಸೆಲ್ ಎಂಜಿನ್ನೇ ಹೊರತು ಮತ್ತೊಂದಲ್ಲ.

ಆಲ್ಕೋ ಎಂದು ನಾವು ಕರೆಯುವ ಡಬ್ಲ್ಯೂಡಿಎಂ-2 ಮೊದಲು 1962ರಲ್ಲಿ ಅಮೆರಿಕದಿಂದ ಬಂದಿತು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿಯೇ ತಯಾರಾಗತೊಡಗಿ, ಎರಡೂವರೆ ಸಾವಿರಕ್ಕೂ ಹೆಚ್ಚು ಎಂಜಿನ್‌ಗಳಾಗಿ ದೇಶದ ಮೂಲೆಮೂಲೆಗೆ ಹರಡಿತು. 16 ಸಿಲಿಂಡರ್, 2600 ಅಶ್ವಶಕ್ತಿ, 112.8 ಟನ್ ತೂಕ. ಅದರ ಕರಿಹೊಗೆ ಎಲ್ಲರಿಗೂ ನೆನಪಿರುತ್ತದೆ, ಕಾರಣ ಗೊತ್ತಿರುವವರು ಕಡಿಮೆ. ಡ್ರೈವರ್ ನಾಚ್, ಅಂದರೆ ಹಿಡಿಯ ಶಕ್ತಿಯ ಹಂತ, ಏರಿಸಿದಾಗ ಸಿಲಿಂಡರ್‌ಗೆ ಡೀಸೆಲ್ ತಕ್ಷಣ ಹೆಚ್ಚು ಹೋಗುತ್ತದೆ, ಆದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ತಿರುಗುವುದು ಹೊರಹೋಗುವ ಬಿಸಿ ಅನಿಲದ ಬಲದಿಂದ. ಅದು ವೇಗ ಪಡೆಯುವವರೆಗೆ ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಹೊಗೆಯಾಗುತ್ತದೆ. ನಂತರ ಬಂದ, ಹುಬ್ಬಳ್ಳಿ ಶೆಡ್ಡಿನ ಹೆಸರಿಗೆ ಅಂಟಿಕೊಂಡಿರುವ ಜನರಲ್ ಮೋಟರ್ಸ್ ವಿನ್ಯಾಸದ ಎಂಜಿನ್‌ಗಳಲ್ಲಿ ನಿಧಾನಗತಿಯಲ್ಲಿರುವಾಗ ಟರ್ಬೋವನ್ನು ಯಂತ್ರವೇ ಗಿಯರ್ ಮೂಲಕ ತಿರುಗಿಸುವುದರಿಂದ ಅಷ್ಟು ಹೊಗೆ ಬಾರದು. ಯಂತ್ರವಾಗಿ ಅದು ಮೇಲು. ನಿಂತು ಕೇಳುವುದಕ್ಕೆ ಮಾತ್ರ ನನ್ನ ಮತ ಆಲ್ಕೋಗೇ.

ಬ್ರಾಡ್ ಗೇಜ್ ಜಾಲದ ಬಹುಪಾಲು ಈಗ ವಿದ್ಯುತ್ ತಂತಿಯ ಕೆಳಗೆ ಬಂದಿದೆ. ವಾರಾಣಸಿಯ ಡೀಸೆಲ್ ಕಾರ್ಖಾನೆ 2020ರಲ್ಲಿ ತನ್ನ ಹೆಸರಿನಿಂದ ಡೀಸೆಲ್ ಅನ್ನೇ ತೆಗೆದುಹಾಕಿತು. ಕೃಷ್ಣರಾಜಪುರ, ಹುಬ್ಬಳ್ಳಿಯ ಡೀಸೆಲ್ ಶೆಡ್ಡುಗಳಲ್ಲಿ ವಿದ್ಯುತ್ ಎಂಜಿನ್‌ಗಳು ಮನೆ ಮಾಡಿವೆ. ಇದು ಆಗಬೇಕಾದದ್ದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ನಿವೃತ್ತ ಎಂಜಿನ್‌ಗಳ ಕುರಿತು ನಮಗಿರುವ ಒಂದೇ ಕಲ್ಪನೆಯ ಬಗ್ಗೆ. ಗುಜರಿಗೆ ಹಾಕದೆ ಉಳಿಸಿದವನ್ನು ಯಾವುದೋ ಕಚೇರಿಯ ಗೇಟಿನ ಮುಂದೆ ಎರಡು ತುಂಡು ಹಳಿಯ ಮೇಲೆ ನಿಲ್ಲಿಸಿ, ವರ್ಷಕ್ಕೊಮ್ಮೆ ಬಣ್ಣ ಬಳಿದು, ಸುತ್ತ ಕ್ರೋಟನ್ ಗಿಡ ನೆಟ್ಟರೆ ಸಂರಕ್ಷಣೆ ಆಯಿತೆಂದು ನಾವು ತಿಳಿಯುತ್ತೇವೆ. ಉಗಿ ಎಂಜಿನ್ನನ್ನು ಹಾಗೆ ನಿಲ್ಲಿಸಿದರೂ ನೋಡುವುದಕ್ಕೆ ಚಕ್ರ, ಸಲಾಕೆ, ಚಿಮಣಿ ಇವೆ. ಡೀಸೆಲ್ ಎಂಜಿನ್ನಿನ ಗುಣವೆಲ್ಲ ಅದರ ಸದ್ದಿನಲ್ಲಿ, ಹೊಗೆಯಲ್ಲಿ, ಹೊರೆ ಎಳೆಯುವಾಗ ನೆಲ ನಡುಗುವುದರಲ್ಲಿ ಇರುವುದರಿಂದ ನಿಂತುಹೋದ ಡೀಸೆಲ್ ಎಂಜಿನ್ ಬರಿಯ ತಗಡಿನ ಪೆಟ್ಟಿಗೆ. ಓಡುವ ಪಾರಂಪರಿಕ ಡೀಸೆಲ್ ಎಂಜಿನ್‌ಗಳು ನಮ್ಮ ದೇಶದಲ್ಲೂ ಇಲ್ಲದಿಲ್ಲ. ಕೂನೂರಿನಿಂದ ಊಟಿಗೆ ವೈಡಿಎಂ-4, ಡಾರ್ಜಿಲಿಂಗ್‌ನಲ್ಲಿ ಎನ್‌ಡಿಎಂ-6 ದುಡಿಯುತ್ತಿವೆ. ಆದರೆ ಅಲ್ಲಿಗೆ ಹೋಗುವವರು ಉಗಿ ಎಂಜಿನ್ನಿನ ಗಾಡಿ ಸಿಗಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಂಡು ಡೀಸೆಲ್ ಗಾಡಿ ಹತ್ತುತ್ತಾರೆ.

ನಮ್ಮಲ್ಲಿ ಇಂಥದೊಂದು ಉತ್ಸವ ನಡೆಯುವುದಾದರೆ ಅದಕ್ಕೆ ಶಿವಮೊಗ್ಗ ತಾಳಗುಪ್ಪ ಮಾರ್ಗದಷ್ಟು ತಕ್ಕ ಹಳಿ ಮತ್ತೊಂದಿಲ್ಲ ಎಂಬುದು ನನ್ನ ವಾದ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ರೈಲು ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಮೀಟರ್ ಗೇಜ್‌ನ ಕೊನೆಯ ವರ್ಷಗಳಲ್ಲಿ ಇಲ್ಲಿ ಬಸ್ಸಿನಂಥ ರೈಲ್ ಬಸ್ ಓಡುತ್ತಿತ್ತು. 2011ರ ಹೊತ್ತಿಗೆ ಇಡೀ ಮಾರ್ಗ ಬ್ರಾಡ್ ಗೇಜ್ ಆಯಿತು. ಇಂದಿಗೂ ಗಾಡಿಗಳ ಸಂಖ್ಯೆ ಕಡಿಮೆ, ಕುಂಸಿ ಅರಸಾಳಿನ ನಡುವೆ ದಟ್ಟ ಕಾಡು, ಕೊನೆಯ ಸ್ಟೇಷನ್ನಿನಿಂದ ಜೋಗ ಹತ್ತಿರ. ಅರಸಾಳಿನ ಹಳೆಯ ಸ್ಟೇಷನ್ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ದುರಸ್ತಿ ಮಾಡಿ, ಪಕ್ಕದಲ್ಲಿ ಮೀಟರ್ ಗೇಜ್ ಬೋಗಿ ಇಟ್ಟು ಚಹಾ ಅಂಗಡಿ ಮಾಡಿದ್ದನ್ನು ನೋಡಲು ಜನ ಬರುತ್ತಲೇ ಇದ್ದಾರೆ. ಮೇಲೆ ವಿದ್ಯುತ್ ತಂತಿ ಇದ್ದರೂ ಅದರ ಕೆಳಗೆ ಡೀಸೆಲ್ ಎಂಜಿನ್ ಓಡುವುದಕ್ಕೆ ಅಡ್ಡಿಯಿಲ್ಲ. ಕೃಷ್ಣರಾಜಪುರದಿಂದ ಒಂದು, ಹುಬ್ಬಳ್ಳಿಯಿಂದ ಒಂದು, ದೂರದ ಶೆಡ್ಡಿನಿಂದ ಸುಸ್ಥಿತಿಯಲ್ಲಿರುವ ಹಳೆಯ ಆಲ್ಕೋ ಒಂದು ಬಂದರೆ ಎರಡು ದಿನದ ಹಬ್ಬಕ್ಕೆ ಸಾಕು. ಅವು ಹಳಿಯ ಮೇಲೆಯೇ ಬರಬಲ್ಲವು, ಟ್ರೈಲರ್ ಬೇಕಿಲ್ಲ.

ಸಾಗರದಲ್ಲಿ ನೆಲೆಸಿರುವ ನಿವೃತ್ತ ಲೋಕೋ ಪೈಲಟ್ ಮಿತ್ರರೊಬ್ಬರಿಗೆ ಇದನ್ನು ಹೇಳಿದಾಗ ಅವರು ಎಲೆ ಅಡಿಕೆಯ ಬಾಯಿಯನ್ನು ಸಾವಕಾಶವಾಗಿ ಖಾಲಿ ಮಾಡಿ ಬಂದು, "ಎಂಥದು ಮಾರಾಯ್ರೆ, ನಾವು ಬೈಕೊಳ್ತಾ ಓಡಿಸಿದ ಎಂಜಿನ್ನನ್ನ ನೋಡ್ಲಿಕ್ಕೆ ಜನ ದುಡ್ಡು ಕೊಡ್ತಾರಾ?" ಎಂದು ಕೇಳಿದರು. ಅವರ ಅನುಭವದಲ್ಲಿ ಆಲ್ಕೋ ಎಂದರೆ ಬೇಸಿಗೆಯಲ್ಲಿ ಕಾದ ಕ್ಯಾಬು, ಪಕ್ಕದವರ ಮಾತು ಕೇಳದಷ್ಟು ಸದ್ದು. ಆರಿದ್ರಾ ಮಳೆಯಲ್ಲಿ ಏರು ಹತ್ತುವಾಗ ಚಕ್ರ ಜಾರಿ ಬಜರ್ ಹೊಡೆದುಕೊಂಡರೆ ನಾಚ್ ಇಳಿಸಿ, ಹಳಿಗೆ ಮರಳು ಬಿಟ್ಟು, ಮತ್ತೆ ಒಂದೊಂದೇ ನಾಚ್ ಏರಿಸಬೇಕು. ಮರಳು ಒದ್ದೆಯಾಗಿ ಕೊಳವೆಯಲ್ಲಿ ಕಟ್ಟಿಕೊಂಡಿದ್ದರೆ ಆ ದಿನದ ಕಥೆ ಮುಗಿಯಿತು. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಅವರ ಎಡಗೈ ಗಾಳಿಯಲ್ಲೇ ಹಿಡಿಯನ್ನು ತಿರುಗಿಸುತ್ತಿತ್ತು, ಎಂಟನೇ ನಾಚಿಗೆ ಬಂದಾಗ ಧ್ವನಿಯೂ ಏರಿತ್ತು. ಕೊನೆಗೆ ಅವರು ಎತ್ತಿದ ಆಕ್ಷೇಪಗಳು ಮಾತ್ರ ಗಂಭೀರವಾದವು. ಬಿಡಿಭಾಗಗಳು ಸಿಗುವುದು ಕಷ್ಟವಾಗುತ್ತದೆ. ಆಲ್ಕೋದ ಸ್ವಭಾವ ಬಲ್ಲ ಫಿಟ್ಟರ್‌ಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಹೊಸ ಹುಡುಗರು ತರಬೇತಿ ಪಡೆಯುತ್ತಿರುವುದು ವಿದ್ಯುತ್ ಎಂಜಿನ್ನಿನಲ್ಲಿ. ಇಂಗ್ಲೆಂಡಿನವರಂತೆ ಡೀಸೆಲ್ ಎಂಜಿನ್ನನ್ನು ಸಂಘ ಕಟ್ಟಿ ಕೊಂಡು ಓಡಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲವಾದ್ದರಿಂದ ಇದನ್ನು ಮಾಡುವುದಾದರೆ ರೈಲ್ವೆಯೇ ಮಾಡಬೇಕು.

ಸಮಯದ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಾಗಲಿಲ್ಲ. ಪ್ರವಾಸಿಗರ ಅನುಕೂಲಕ್ಕೆ ಡಿಸೆಂಬರ್ ಒಳ್ಳೆಯದೆಂದು ನಾನು ಹೇಳಿದರೆ, ಅವರು ಒಪ್ಪಲಿಲ್ಲ. ಜೋಗ ತುಂಬಿರುವ ಜುಲೈ ಆಗಸ್ಟಿನಲ್ಲೇ ಇಡಬೇಕು, ಒದ್ದೆ ಹಳಿಯ ಮೇಲೆ ಎಂಜಿನ್ ಹೇಗೆ ಹೊರಡುತ್ತದೆಂಬುದನ್ನು ಜನ ನೋಡಲಿ, ಮರಳಿನ ಪೆಟ್ಟಿಗೆಯನ್ನು ಬೇಕಾದರೆ ತಾವೇ ಹೋಗಿ ತುಂಬಿಕೊಡುತ್ತೇವೆ ಎಂದರು.