ಜಪಾನಿನ ವಯೊಲಿನ್ ಕಛೇರಿಗೆ ಟಿಕೆಟ್ ತೆಗೆಯುವ ಮುನ್ನ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯಿಂದ ಹೋಗಿ ಟೋಕಿಯೊದಲ್ಲಿ ಕೆಲಸಕ್ಕಿರುವವರು ಊರಿಂದ ಆಯಿ-ಅಪ್ಪಯ್ಯ ಬಂದಾಗ ತಾರೊ ಹಕಾಸೆಯಂಥವರ ವಯೊಲಿನ್ ಕೇಳಿಸೋಣ ಅಂದುಕೊಂಡರೆ, ಮೊದಲು ನೋಡಬೇಕಾದ್ದು ಕುರ್ಚಿ ಎಲ್ಲಿ ಅನ್ನುವುದನ್ನು. ಯಕ್ಷಗಾನದ ಆಟಕ್ಕೆ ಹೋದರೆ ಭಾಗವತರ ಎದುರಿಗೇ ಕೂತು ರೂಢಿಯಾದವರು ಇಲ್ಲೂ ಮುಂದಿನ ಸಾಲನ್ನೇ ಕೇಳುತ್ತಾರೆ. ಕ್ರಾಸೋವರ್ (ಶಾಸ್ತ್ರೀಯಕ್ಕೆ ಪಾಪ್-ರಾಕ್ ಬೆರೆಸಿದ) ಕಛೇರಿಯಲ್ಲಿ ದುಡ್ಡು ದಂಡವಾಗುವ ಜಾಗ ಅದೇ.

ಒಸಾಕಾದಲ್ಲಿ 1968ರಲ್ಲಿ ಹುಟ್ಟಿದ ಹಕಾಸೆ, ಕ್ರೈಸ್ಲರ್ ಆ್ಯಂಡ್ ಕಂಪನಿ ತಂಡದ ಜೊತೆ 1990ರಲ್ಲಿ ಬೆಳಕಿಗೆ ಬಂದವರು. ಈ ಬಗೆಯ ಸಂಗೀತದಲ್ಲಿ ವಯೊಲಿನ್ ಪಕ್ಕ ಡ್ರಮ್ಸ್, ಬೇಸ್ ಗಿಟಾರ್, ಕೀಬೋರ್ಡ್ ಇರುತ್ತವೆ. ಡ್ರಮ್ಸ್ ಎದುರು ಬರಿಯ ವಯೊಲಿನ್ ಕೇಳುವುದಿಲ್ಲ. ಹಾಗಾಗಿ ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಮೇಲೆ ಪಿಕಪ್ಪನ್ನೋ (ನಡುಕವನ್ನು ವಿದ್ಯುತ್ತಾಗಿಸುವ ಪುಟ್ಟ ಸಾಧನ), ಅಂಚಿಗೆ ಪುಟ್ಟ ಮೈಕನ್ನೋ ಸಿಕ್ಕಿಸುತ್ತಾರೆ. ನಾದ ಅಲ್ಲಿಂದ ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಮಿಕ್ಸರಿಗೆ ಹೋಗಿ, ವೇದಿಕೆಯ ಎರಡೂ ಬದಿ ಎತ್ತರದಲ್ಲಿ ತೂಗುಬಿಟ್ಟ ಸ್ಪೀಕರುಗಳಿಂದ ಹೊರಬೀಳುತ್ತದೆ. ಮೊದಲ ಎರಡು-ಮೂರು ಸಾಲಿನವರ ತಲೆಯ ಮೇಲಿಂದಲೇ ಅದು ಹಾದುಹೋಗುತ್ತದೆ. ಅವರ ಕಿವಿಗೆ ಬೀಳುವುದು ಹೆಚ್ಚಾಗಿ ಡ್ರಮ್ಸಿನ ಪೆಟ್ಟು ಮತ್ತು ಬೇಸಿನ ಗುಂಯ್‌ಗುಡಿತ. ಮಿಕ್ಸರ್ ಸಾಮಾನ್ಯವಾಗಿ ಕೆಳಗಿನ ಅಂತಸ್ತಿನ ನಡುವೆ, ಸ್ವಲ್ಪ ಹಿಂದಕ್ಕೆ ಇರುತ್ತದೆ. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಬಿದ್ದ ಲೆಕ್ಕದಲ್ಲೇ ಎಲ್ಲವನ್ನೂ ಹದ ಮಾಡುವುದರಿಂದ, ಅವನಿಗಿಂತ ನಾಲ್ಕೈದು ಸಾಲು ಮುಂದೆ, ನಡುವೆ ಕೂತರೆ ಗೆದ್ದಿರಿ. ಬಾಲ್ಕನಿಯ ಅಡಿಗೆ ಮಾತ್ರ ಬೇಡ, ಅಲ್ಲಿ ಮೇಲಿನ ಸ್ವರಗಳು ಮಂಕಾಗುತ್ತವೆ.

ಪಿಕಪ್ಪಿನ ನಾದ ತುಸು ಮೂಗಿನಿಂದ ಬಂದ ಹಾಗಿರುತ್ತದೆ. ತಿದ್ದದೆ ಬಿಟ್ಟರೆ ತಾರಸ್ಥಾಯಿಯಲ್ಲಿ ಕಿವಿ ಕೊರೆಯುತ್ತದೆ. ಇನ್ನೊಂದು ಕಾಟ ಕೂಗು. ಸ್ಪೀಕರಿನ ಸದ್ದಿಗೆ ವಯೊಲಿನ್ನಿನ ಟೊಳ್ಳು ಒಡಲೇ ನಡುಗಿ, ಆ ನಡುಕ ಮತ್ತೆ ಮೈಕಿಗೆ ಹೊಕ್ಕು ಸುತ್ತತೊಡಗುತ್ತದೆ. ಟೊಳ್ಳೊಡಲಿಲ್ಲದ ಎಲೆಕ್ಟ್ರಿಕ್ ವಯೊಲಿನ್ನಿಗೆ ಈ ರಗಳೆ ಬಹಳ ಕಡಿಮೆ. ಯಮಹಾದವರ ಸೈಲೆಂಟ್ ವಯೊಲಿನ್ 1997ರದು.

ಸಭಾಂಗಣವನ್ನೂ ನೋಡಿ. ಟೋಕಿಯೊದ 2,006 ಕುರ್ಚಿಗಳ ಸಂಟೋರಿ ಹಾಲ್‌ನಲ್ಲಿ ತುಂಬಿದ ಸಭೆಯಲ್ಲೂ ನಾದ ಸುಮಾರು 2.1 ಸೆಕೆಂಡ್ ಉಳಿಯುತ್ತದೆ. ಮೈಕಿಲ್ಲದ ವಯೊಲಿನ್-ಪಿಯಾನೊಗೆ ಅದು ವರ, ಡ್ರಮ್ಸಿಗೆ ಶಾಪ. ಒಂದು ಪೆಟ್ಟು ಆರುವ ಮೊದಲೇ ಇನ್ನೊಂದು ಬಂದು ಕಲಸಿಹೋಗುತ್ತದೆ. ಮೈಕಿಲ್ಲದ ಕಛೇರಿಯಾದರೆ ನಮ್ಮ ಎಡಗಡೆಯ ಕುರ್ಚಿ ಹಿಡಿಯಿರಿ. ವಾದಕ ಸಭೆಗೆ ಎದುರಾಗಿ ನಿಂತಾಗ ವಯೊಲಿನ್ನಿನ ಮುಖ ವಾಲುವುದು ಆ ಕಡೆಗೇ.

ತೊಡಕೆಂದರೆ, ಟಿಕೆಟ್ ಮೊದಲು ಅಭಿಮಾನಿ ಸಂಘಕ್ಕೆ, ಆಮೇಲೆ ಲಾಟರಿಗೆ, ಉಳಿದರೆ ಮುಕ್ತ ಮಾರಾಟಕ್ಕೆ ಬರುತ್ತದೆ. ಲಾಟರಿಯಲ್ಲಿ ಸಾಮಾನ್ಯವಾಗಿ ಟಿಕೆಟ್ಟಿನ ದರ್ಜೆ ನಮ್ಮ ಕೈಲಿ, ಕುರ್ಚಿ ಅವರ ಕೈಲಿ. ದೊಡ್ಡ ಹೆಸರಿನವರಲ್ಲದಿದ್ದರೆ ಮುಕ್ತ ಮಾರಾಟಕ್ಕೆ ಕಾಯುವುದೇ ಜಾಣತನ. ಆಗ ನಕ್ಷೆ ನೋಡಿ ಆರಿಸಿಕೊಳ್ಳುವ ಅವಕಾಶ ಹೆಚ್ಚು. ಹೆಚ್ಚಿನ ಟಿಕೆಟ್ ಜಾಲತಾಣಗಳು ಜಪಾನಿನ ಮೊಬೈಲ್ ನಂಬರ್ ಕೇಳುವುದರಿಂದ ಊರಲ್ಲಿ ಕೂತು ಬುಕ್ ಮಾಡುವ ಮಾತಿಲ್ಲ. ಲಾಸನ್‌ನಂಥ ಅಂಗಡಿಯಲ್ಲಿ ದುಡ್ಡು ಕಟ್ಟುವುದಾದರೆ ಗಡುವು ದಾಟಿಸಬೇಡಿ, ಟಿಕೆಟ್ ತಾನಾಗಿ ರದ್ದಾಗುತ್ತದೆ. ಶಾಲೆಗೆ ಸೇರದ ಮಕ್ಕಳನ್ನು ಬಹಳ ಕಡೆ ಒಳಗೆ ಬಿಡುವುದಿಲ್ಲ, ಮೊಮ್ಮಗು ಇದ್ದರೆ ಮೊದಲೇ ವಿಚಾರಿಸಿ.

ಹೇಳಿದ ಹೊತ್ತಿಗೆ ಶುರುವಾಗುತ್ತದೆ. ತಡವಾದವರು ಒಂದು ಹಾಡು ಮುಗಿಯುವವರೆಗೆ ಬಾಗಿಲಾಚೆ. ಫೋಟೊ, ರೆಕಾರ್ಡಿಂಗ್ ಕೂಡದು. ಕವಳದ ಸಂಚಿ ಮನೆಯಲ್ಲೇ ಇರಲಿ, ಉಗಿಯಲು ಜಾಗವಿಲ್ಲ.

ಕರ್ನಾಟಕ ಸಂಗೀತ ಬಲ್ಲ ಅಪ್ಪಯ್ಯ ‘ಗಮಕವೇ ಇಲ್ಲ’ ಅನ್ನಬಹುದು. ತಂತಿಗಳ ಶ್ರುತಿ ನಮ್ಮ ಸ-ಪ-ಸ-ಪ ಹಾಗಿರದೆ ಪಾಶ್ಚಾತ್ಯ ಸ್ವರಗಳಾದ ಜಿ-ಡಿ-ಎ-ಇ. ವಯೊಲಿನ್ ಗಲ್ಲದಡಿ ಸಿಕ್ಕಿಕೊಂಡಿರುವುದರಿಂದ ವಾದಕ ನಡೆದಾಡುತ್ತ, ಕುಣಿಯುತ್ತ ನುಡಿಸಬಲ್ಲ. ಬಲಗೈಯ ಕಮಾನಿನ ಕಡೆ ಗಮನ ಕೊಡಲು ಹೇಳಿ, ಕಸುಬೆಲ್ಲ ಅಲ್ಲೇ ಕಾಣುತ್ತದೆ.

ಹಕಾಸೆಯ ಕಛೇರಿಗೇ ಹೋದರೆ, 1998ರಲ್ಲಿ ಶುರುವಾದ ಟಿ.ವಿ. ಕಾರ್ಯಕ್ರಮ ‘ಜೋನೆತ್ಸು ತೈರಿಕು’ವಿನ ಧಾಟಿ ಬಂದಾಗ ಸಭಿಕರು ಎದ್ದು ಬೀಸಣಿಗೆ ಬೀಸುತ್ತಾರೆ. ಬೀಸಣಿಗೆ ಸಿಗುವುದು ಹೊರಗಿನ ಮಾರಾಟದ ಮೇಜಿನಲ್ಲಿ; ಬಿಡುವಿನ ಹೊತ್ತಿಗೆ ಅಲ್ಲಿ ಸರದಿ ಉದ್ದವಾಗುತ್ತದೆ, ಒಳಗೆ ಹೋಗುವಾಗಲೇ ಕೊಂಡುಬಿಡಿ.