ಒಂದು ಕಿಲೋಲೀಟರ್ ನೀರಿಗೆ ಎಷ್ಟು ಯೂನಿಟ್? ಪಂಪ್‌ಹೌಸ್ ಕೆಲಸ ಕಲಿಸಿದ ಲೆಕ್ಕ

ಪಂಪ್ ಕೆಟ್ಟು ನಾಲ್ಕು ದಿನ ನಿಂತ ತಿಂಗಳಲ್ಲಿ ಲೈಟ್ ಬಿಲ್ ಇಳಿಯುತ್ತದೆ. ಊರಿನ ನಳಗಳಿಗೆ ನೀರು ಬಂದಿರುವುದಿಲ್ಲ, ಆದರೂ ಕಾಗದದ ಮೇಲೆ ಅದು ಉಳಿತಾಯದ ತಿಂಗಳು. ಬಾಗಲಕೋಟೆ, ವಿಜಯಪುರ ಕಡೆಯ ಪಟ್ಟಣಗಳ ನೀರು ಸರಬರಾಜಿನಲ್ಲಿ ಇರುವವರು ಬಿಲ್ಲಿನ ರೂಪಾಯಿ ಒಂದನ್ನೇ ನೋಡಬಾರದು ಎನ್ನುವುದು ಇದಕ್ಕೇ. ನೋಡಬೇಕಾದ ಅಂಕಿ ಬೇರೆ: ಒಂದು ಕಿಲೋಲೀಟರ್ ನೀರು ಟ್ಯಾಂಕಿಗೆ ಏರಲು ಎಷ್ಟು ಯೂನಿಟ್ ಕರೆಂಟ್ ಹೋಯಿತು?

ಒಂದು ಕಿಲೋಲೀಟರ್, ಅಂದರೆ 1000 ಲೀಟರ್ ನೀರನ್ನು 1 ಮೀಟರ್ ಎತ್ತಲು, ಯಾವ ನಷ್ಟವೂ ಇಲ್ಲದಿದ್ದರೆ, 0.002725 ಯೂನಿಟ್ ಸಾಕು. 80 ಮೀಟರ್ ಹೆಡ್ಡಿಗೆ (ಏರಬೇಕಾದ ಎತ್ತರ ಮತ್ತು ಪೈಪಿನ ಘರ್ಷಣೆ ಎರಡೂ ಸೇರಿದ ಮೀಟರ್ ಲೆಕ್ಕ) 0.218. ಇದಕ್ಕಿಂತ ಕಡಿಮೆಯಲ್ಲಿ ಯಾವ ಪಂಪೂ ಎತ್ತಲಾರದು. ಲೆಕ್ಕದಲ್ಲಿ ಕಡಿಮೆ ಬಂದಿದ್ದರೆ ಓದಿದ್ದರಲ್ಲಿ ತಪ್ಪಿದೆ. ಮೊದಲು ಮೀಟರಿನ ಎಂಎಫ್ (ರೀಡಿಂಗನ್ನು ನಿಜವಾದ ಯೂನಿಟ್ ಮಾಡುವ ಗುಣಕ) ಗುಣಿಸಿದ್ದೀರಾ ನೋಡಿ. ಪಂಪಿನ ದಕ್ಷತೆ ಶೇ 75, ಮೋಟಾರಿನದು ಶೇ 92 ಇದ್ದರೆ ಎರಡೂ ಸೇರಿ ಶೇ 69. 0.218ನ್ನು 0.69ರಿಂದ ಭಾಗಿಸಿದರೆ 0.316 ಯೂನಿಟ್. ಒಳ್ಳೆಯ ಸ್ಥಿತಿಯಲ್ಲಿರುವ ಪಂಪಿಗೆ ಇದೇ ಗುರಿ.

ಇನ್ನು ನಿಜವಾಗಿ ಎಷ್ಟು ಹೋಗುತ್ತಿದೆ ಎಂದು ಅಳೆಯುವುದು. ಪಂಪಿನಿಂದ ಹೋಗುವ ಒಟ್ಟು ನೀರು ಅಳೆಯುವ ಬಲ್ಕ್ ಮೀಟರ್ ಇದ್ದರೂ ಅದರ ಮೇಲೆ ಪೂರ್ತಿ ಭರವಸೆ ಇಡಬೇಡಿ. ಬೆಂಡಿನ ಪಕ್ಕದಲ್ಲೇ ಕೂರಿಸಿದ್ದರೆ, ಅಥವಾ ಪೈಪ್ ತುಂಬಿ ಹರಿಯದ ಜಾಗದಲ್ಲಿದ್ದರೆ, ಅದು ತಪ್ಪನ್ನೇ ದಿನವೂ ಒಂದೇ ರೀತಿ ತೋರಿಸುತ್ತಿರುತ್ತದೆ. ಟ್ಯಾಂಕೇ ಒಳ್ಳೆಯ ಅಳತೆ ಪಾತ್ರೆ. 12 ಮೀಟರ್ ವ್ಯಾಸದ ಟ್ಯಾಂಕಿನ ತಳ 113 ಚದರ ಮೀಟರ್. ನೀರು 1 ಸೆಂಟಿಮೀಟರ್ ಏರಿದರೆ 1.13 ಕಿಲೋಲೀಟರ್. ಊರಿಗೆ ಹೋಗುವ ವಾಲ್ವ್ ಬಂದ್ ಮಾಡಿ, ಪಂಪ್ ಓಡಿಸುವ ಮೊದಲು ಹದಿನೈದು ನಿಮಿಷ ಮಟ್ಟ ಹಾಗೇ ನಿಂತಿದೆಯೇ ನೋಡಿ. ಇಳಿಯುತ್ತಿದ್ದರೆ ವಾಲ್ವ್ ಸೋರುತ್ತಿದೆ, ಆ ಪರೀಕ್ಷೆಗೆ ಬೆಲೆಯಿಲ್ಲ. ಪಂಪ್ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟು, ಟ್ಯಾಂಕಿನ ಹತ್ತಿರ ಒಬ್ಬರು, ಮೀಟರಿನ ಹತ್ತಿರ ಒಬ್ಬರು ಫೋನಿನಲ್ಲಿ ಮಾತಾಡಿಕೊಂಡು ಒಂದೇ ಗಳಿಗೆಯಲ್ಲಿ ರೀಡಿಂಗ್ ತೆಗೆಯಬೇಕು. ಅರ್ಧ ಗಂಟೆಯ ನಂತರ ಮತ್ತೊಮ್ಮೆ.

ಅರ್ಧ ಗಂಟೆಯಲ್ಲಿ ನೀರು 80 ಸೆಂಟಿಮೀಟರ್ ಏರಿತು, 45 ಯೂನಿಟ್ ಹೋಯಿತು ಎಂದಿಟ್ಟುಕೊಳ್ಳಿ. ನೀರು 90.5 ಕಿಲೋಲೀಟರ್, ಅಂದರೆ ಕಿಲೋಲೀಟರಿಗೆ 0.497 ಯೂನಿಟ್. 0.218ನ್ನು ಇದರಿಂದ ಭಾಗಿಸಿದರೆ ದಕ್ಷತೆ ಶೇ 44. ಇರಬೇಕಾದ 0.316ಕ್ಕೆ ಹೋಲಿಸಿದರೆ ಪ್ರತಿ ಕಿಲೋಲೀಟರಿಗೆ 0.18 ಯೂನಿಟ್ ವ್ಯರ್ಥ. ದಿನಕ್ಕೆ 3000 ಕಿಲೋಲೀಟರ್ ಎತ್ತುವ ಊರಿನಲ್ಲಿ ದಿನಕ್ಕೆ 540 ಯೂನಿಟ್. ಪಂಪ್ ಓಡುತ್ತಲೇ ಇರುತ್ತದೆ, ನೀರೂ ಬರುತ್ತಿರುತ್ತದೆ, ಯಾರೂ ದೂರು ಕೊಡುವುದಿಲ್ಲ. ಈ ನಷ್ಟ ವರ್ಷಗಟ್ಟಲೆ ಉಳಿಯುವುದು ಹೀಗೆ.

ಕಾರಣ ಹುಡುಕಲು ಡೆಲಿವರಿ ಕಡೆಯ, ಅಂದರೆ ಪಂಪಿನಿಂದ ನೀರು ಹೊರಹೋಗುವ ಕಡೆಯ, ಒತ್ತಡದ ಗೇಜ್ ಬೇಕು, ಅದು ನಾನ್ ರಿಟರ್ನ್ ವಾಲ್ವ್ (ನೀರು ವಾಪಸ್ ಬರದಂತೆ ತಡೆಯುವ ವಾಲ್ವ್) ಆಚೆಗಿರಬೇಕು. ಚದರ ಸೆಂಟಿಮೀಟರಿಗೆ 1 ಕೆಜಿ ಅಂದರೆ ಸುಮಾರು 10 ಮೀಟರ್ ನೀರು. ಗೇಜಿನ ಮಧ್ಯದಿಂದ ಜಾಕ್‌ವೆಲ್ಲಿನ (ಪಂಪ್ ನೀರೆಳೆಯುವ ಬಾವಿಯ) ನೀರಿನವರೆಗೆ ಟೇಪ್ ಬಿಟ್ಟು ಅಳೆದು ಕೂಡಿಸಿ. ಪಂಪ್ ನಿಂತಾಗಿನ ಅಂಕಿ ಬರೀ ಎತ್ತರದ್ದು, ಓಡುವಾಗಿನ ಅಂಕಿಯಲ್ಲಿ ಪೈಪಿನ ಘರ್ಷಣೆಯೂ ಸೇರಿದೆ. ನಿಂತಾಗ 62 ಮೀಟರ್, ಓಡುವಾಗ 80 ಇದ್ದರೆ ಘರ್ಷಣೆ 18. ನೀರು ಕಡಿಮೆಯಾಗಿಯೂ ಘರ್ಷಣೆ ಏರಿದ್ದರೆ ಕಾಯಿಲೆ ಪಂಪಿನಿಂದ ಟ್ಯಾಂಕಿಗೆ ಹೋಗುವ ದೊಡ್ಡ ಪೈಪಿನಲ್ಲಿ, ಅಂದರೆ ರೈಸಿಂಗ್ ಮೇನಿನಲ್ಲಿದೆ: ಯಾರೋ ಅರ್ಧ ತಿರುಗಿಸಿ ಬಿಟ್ಟ ಸ್ಲೂಸ್ ವಾಲ್ವ್, ದಿಬ್ಬದ ಮೇಲೆ ಜಾಮ್ ಆದ ಏರ್ ವಾಲ್ವ್, ಒಳಗೆ ಕಟ್ಟಿದ ಪದರ. ನೀರೂ ಕಡಿಮೆ, ಗೇಜೂ ಕಡಿಮೆ ಇದ್ದರೆ ಪಂಪನ್ನೇ ಬಿಚ್ಚಬೇಕು. ಇಂಪೆಲರ್ (ನೀರು ತಳ್ಳುವ ಚಕ್ರ), ವೇರ್ ರಿಂಗ್ (ಅದರ ಸುತ್ತಲಿನ ಬಳೆ) ಸವೆದಿರುತ್ತವೆ. ನಿಲ್ಲಿಸಿದ ಮೇಲೆ ಗೇಜ್ ಸರಸರನೆ ಇಳಿದರೆ ನಾನ್ ರಿಟರ್ನ್ ವಾಲ್ವಿನಿಂದ ನೀರು ವಾಪಸ್ ಹೋಗುತ್ತಿದೆ.

ಬೇಗ ಟ್ಯಾಂಕ್ ತುಂಬಲಿ ಎಂದು ಎರಡು ಪಂಪ್ ಒಟ್ಟಿಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ಒಂದೇ ಮೇನಿನಲ್ಲಿ ಹರಿವು ಒಂದೂವರೆ ಪಟ್ಟಾದರೆ ಘರ್ಷಣೆ ಸುಮಾರು ಎರಡೂಕಾಲು ಪಟ್ಟಾಗುತ್ತದೆ, 18 ಮೀಟರ್ ಇದ್ದದ್ದು 40 ದಾಟುತ್ತದೆ. ನೀರು ಇಮ್ಮಡಿಯಾಗುವುದಿಲ್ಲ, ಯೂನಿಟ್ ಮಾತ್ರ ಹೆಚ್ಚು ಹೋಗುತ್ತದೆ. ಕೆಪಾಸಿಟರ್ ಬಗ್ಗೆಯೂ ಒಂದು ಮಾತು: ವಿದ್ಯುತ್ ಕಂಪನಿ ಹೆಸ್ಕಾಂನ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬಂದ ಪಾಲು) ಕಡಿಮೆ ಎಂದು ದಂಡ ಬರುತ್ತಿದ್ದರೆ ಕೆಪಾಸಿಟರ್ ಅದನ್ನು ತಪ್ಪಿಸುತ್ತದೆ, ಹಾಕಲೇಬೇಕು. ಆದರೆ ಸವೆದ ಪಂಪ್ ಅದರಿಂದ ಸುಧಾರಿಸುವುದಿಲ್ಲ.

ಹೋಲಿಸುವಾಗ ನದಿಯನ್ನು ಮರೆಯಬಾರದು. ಆಲಮಟ್ಟಿಯ ಹಿನ್ನೀರು ತುಂಬಿದಾಗ ಮಟ್ಟ 519.6 ಮೀಟರ್, ಬೇಸಿಗೆಯಲ್ಲಿ ಅದು ಬಹಳ ಕೆಳಗೆ ಹೋಗುತ್ತದೆ. 10 ಮೀಟರ್ ಇಳಿದರೆ, ಪಂಪ್ ಎಷ್ಟೇ ಚೆನ್ನಾಗಿದ್ದರೂ, ಕಿಲೋಲೀಟರಿಗೆ 0.04 ಯೂನಿಟ್ ಹೆಚ್ಚು ಬೇಕು. ಮೇ ತಿಂಗಳ ಅಂಕಿಯನ್ನು ಸೆಪ್ಟೆಂಬರಿನ ಪಕ್ಕದಲ್ಲಿಟ್ಟು ಆಪರೇಟರನ್ನು ಬೈಯುವುದು ಅನ್ಯಾಯ. ಯೂನಿಟ್ಟನ್ನು ಕಿಲೋಲೀಟರಿನಿಂದ ಭಾಗಿಸಿ, ಮತ್ತೆ ಹೆಡ್ಡಿನ ಮೀಟರಿನಿಂದ ಭಾಗಿಸಿದರೆ ಋತುವಿನ ಪ್ರಭಾವ ಹೋಗಿ ಪಂಪ್ ಮತ್ತು ಮೋಟಾರಿನ ಸ್ಥಿತಿ ಮಾತ್ರ ಉಳಿಯುತ್ತದೆ.

ಟ್ಯಾಂಕಿನವರೆಗಿನ ಲೆಕ್ಕ ಇಷ್ಟು. ಮನೆಯ ನಳದವರೆಗೆ ಹೋದರೆ ಅಂಕಿ ಮತ್ತೆ ಬದಲಾಗುತ್ತದೆ. ದಾರಿಯಲ್ಲಿ ಶೇ 35 ಸೋರಿದರೆ 0.5 ಯೂನಿಟ್ಟಿನ ಕಿಲೋಲೀಟರ್ ಮನೆ ಸೇರುವಾಗ 0.77 ಆಗಿರುತ್ತದೆ. ಸೋರಿಕೆ ತಿಳಿಯಲು ನಸುಕಿನ 2ರಿಂದ 4ರ ನಡುವೆ ಬಡಾವಣೆಗೆ ಹರಿಯುವ ನೀರು ಅಳೆಯುವ ಪದ್ಧತಿ ಇದೆ, ಆಗ ಜನ ಬಳಸುವುದು ಅತಿ ಕಡಿಮೆ. ಆದರೆ ಪೈಪಿನಲ್ಲಿ ಸದಾ ಒತ್ತಡ ಇರುವ ಕಡೆ ಮಾತ್ರ ಇದು ನಡೆಯುತ್ತದೆ. 2008ರಲ್ಲಿ 24 ತಾಸು ನೀರು ಶುರುವಾದ ಬೆಳಗಾವಿಯ ಪ್ರಾಯೋಗಿಕ ವಲಯದಂಥ ಕಡೆ ಸರಿ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ವಾರ್ಡಿನಲ್ಲಿ ಆಗದು. ಅಲ್ಲಿ ಟ್ಯಾಂಕಿನಿಂದ ಇಳಿದ ನೀರಿನಲ್ಲಿ ಮನೆ ಮೀಟರುಗಳ ಮೊತ್ತ ಕಳೆಯಬೇಕು. ನೀರು ಬಿಟ್ಟ ಹೊಸತರಲ್ಲಿ ಪೈಪಿನ ಗಾಳಿಯೂ ಮೀಟರನ್ನು ತಿರುಗಿಸುತ್ತದೆ, ಹಾಗಾಗಿ ಸೋರಿಕೆ ಇರುವುದಕ್ಕಿಂತ ಕಡಿಮೆ ಕಾಣಬಹುದು.

ತೆರಿಗೆ ರಸೀದಿ ಕೊಡುವ ಕಚೇರಿಯ ಸರ್ವರ್ ಕಂಪ್ಯೂಟರಿಗೂ ಇದೇ ದೃಷ್ಟಿ ಬೇಕು: ಆದ ಕೆಲಸಕ್ಕೆ ಎಷ್ಟು ಕರೆಂಟ್? ಪ್ಲಗ್ಗಿನ ಹತ್ತಿರ ಅಳೆದಾಗ 120 ವ್ಯಾಟ್ ಇದ್ದರೆ ದಿನಕ್ಕೆ 2.88 ಯೂನಿಟ್, 300 ರಸೀದಿ ಆದ ದಿನ ರಸೀದಿಗೆ 9.6 ವ್ಯಾಟ್-ಅವರ್. ಭಾನುವಾರ ಒಂದು ರಸೀದಿ ಇಲ್ಲದಿದ್ದರೂ ಖರ್ಚು ಅದರ ಹತ್ತಿರವೇ ಇರುತ್ತದೆ, ಏಕೆಂದರೆ ಖಾಲಿ ಕೂತ ಸರ್ವರ್ ಕೂಡ ಕರೆಂಟ್ ತಿನ್ನುತ್ತದೆ. ಮೂರು ಹಳೆಯ ಯಂತ್ರಗಳ ಕೆಲಸವನ್ನು ಒಂದಕ್ಕೆ ತಂದರೆ ನಿಜವಾದ ಉಳಿತಾಯ. ತರುವ ಮೊದಲು ದಿನದ ಸರಾಸರಿ ನೋಡಿ ಮೋಸಹೋಗಬೇಡಿ. ತೆರಿಗೆ ಕಟ್ಟುವ ಕೊನೆಯ ದಿನ ಬೆಳಿಗ್ಗೆ 11ರ ಹೊತ್ತಿನ ಭಾರ ನೋಡಿ. ಸರ್ವರ್ ಓಡಿಸುವ ಲಿನಕ್ಸಿನಲ್ಲಿ ಲೋಡ್ ಆವರೇಜ್ (ನಡೆಯುತ್ತಿರುವ ಮತ್ತು ಸರದಿಯಲ್ಲಿ ಕಾದಿರುವ ಕೆಲಸಗಳ ಸರಾಸರಿ) 6 ಎಂದರೆ ಪ್ರೊಸೆಸರಿನಲ್ಲಿ 8 ಕೋರ್ ಇರುವ ಯಂತ್ರಕ್ಕೆ ಸಾಮಾನ್ಯವಾಗಿ ಹೊರೆಯಲ್ಲ, 2 ಕೋರಿನದಕ್ಕೆ ಉಸಿರುಗಟ್ಟುವ ಸ್ಥಿತಿ. ಮೆಮೊರಿಯಲ್ಲಿ 'ಫ್ರೀ' ಕಡಿಮೆ ಇದೆ ಎಂದು ಹೊಸ ರ‍್ಯಾಮ್‌ಗೆ ಇಂಡೆಂಟ್ ಹಾಕುವ ಮೊದಲು 'ಅವೈಲೆಬಲ್' ಕಾಲಂ ಓದಿ, ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ಗೆ ಹೋದದ್ದು ಬೇಕಾದಾಗ ವಾಪಸ್ ಸಿಗುತ್ತದೆ.

ಲಾಗ್‌ಬುಕ್ಕಿನಲ್ಲಿ ಕಳೆದು, ಭಾಗಿಸಿದ ಅಂಕಿ ಬರೆಸಬೇಡಿ. ಮೀಟರ್ ತೋರಿಸಿದ್ದನ್ನೇ, ಗಂಟೆ-ನಿಮಿಷದ ಸಮೇತ, ಬರೆಯಲಿ. ಕಳೆಯುವುದು ಕಚೇರಿಯ ಕೆಲಸ. ಇಡೀ ಪುಟದಲ್ಲಿ ವೋಲ್ಟೇಜ್ 415 ಎಂದೇ ಇದ್ದರೆ ಆ ಪುಟ ಅಳತೆಯಲ್ಲ, ಮೀಟರ್ ನೋಡದೆ ಬರೆದದ್ದು. ಟ್ಯಾಂಕಿನ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಸಾಕು, ಪಂಪ್ ರಿಪೇರಿಯಾದ ಮರುದಿನ ಮಾತ್ರ ತಪ್ಪದೆ ಮಾಡಿ. ಬಿಲ್ ಪಾಸ್ ಮಾಡುವ ಮೊದಲು ಕೇಳಬೇಕಾದದ್ದು ರಿಪೇರಿಗೆ ಮೊದಲಿನ ಮತ್ತು ನಂತರದ ಯೂನಿಟ್-ಕಿಲೋಲೀಟರ್ ಅಂಕಿ.